ಬುದ್ಧಿಹಲ್ಲು ಕೀಳಿಸಬೇಕೇನ್ರಿ?

“ಸರ, ಮಗನ ಕಡೀ ದವಡಿ ಹಲ್ಲು ಅಡ್ಡ ಹುಟ್ಟೈತಂತ. ಡಾಕ್ಟರ್ರು ತಗಸ್ರಿ ಅಂತಾರ. ನಮ್ಮವ್ವ ನೋಡಿದ್ರ ಬ್ಯಾಡೋ, ಕಣ್ಣಿಗಿ ಪೆಟ್ಟ ಆಗತೈತಿ ಅಂತ ಕುಂತಾಳ. ಏನ ಮಾಡೂದ್ರಿ?”

ಹೋದ ವಾರ ಬನಹಟ್ಟಿಯ ನೇಕಾರರೊಬ್ಬರು ಫೋನಿನಲ್ಲಿ ಕೇಳಿದ್ದು ಇದು. ಮಾತಿನ ಹಿಂದೆ ಮಗ್ಗದ ಸದ್ದು ಕೇಳುತ್ತಲೇ ಇತ್ತು. ಅವರೊಬ್ಬರದೇ ಪ್ರಶ್ನೆಯಲ್ಲ. ಬೀಳಗಿಯ ಶಿಕ್ಷಕಿಯೊಬ್ಬರು, ಮುಧೋಳದ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಹುಡುಗ, ನಮ್ಮ ಜಮಖಂಡಿಯ ಕಾಲೇಜು ಮಕ್ಕಳು, ಎಲ್ಲರೂ ಒಂದಲ್ಲ ಒಂದು ದನಿಯಲ್ಲಿ ಇದನ್ನೇ ಕೇಳಿದ್ದಾರೆ. ನಾನು ವೈದ್ಯನಲ್ಲ. ಆದರೆ ದಂತವೈದ್ಯರ ಆ ಉದ್ದನೆಯ ಕುರ್ಚಿಯಲ್ಲಿ ಎರಡು ಸಲ ಒರಗಿ, ಎರಡೂ ಕಡೆಯ ಬುದ್ಧಿಹಲ್ಲು ಕೀಳಿಸಿಕೊಂಡು ಎದ್ದವನು. ಒಂದನ್ನು ತೀರಾ ತಡವಾಗಿ ತೆಗೆಸಿದೆ, ಇನ್ನೊಂದನ್ನು ಸರಿಯಾದ ಹೊತ್ತಿಗೆ. ಆ ಎರಡರ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಇವತ್ತಿಗೂ ಊಟಕ್ಕೆ ಕೂತಾಗಲೆಲ್ಲ ನನ್ನ ಎಡದವಡೆ ನೆನಪಿಸುತ್ತದೆ.

ಎಡಗಡೆ ಕೆಳಗಿನದು ಮೊದಲ ಸಲ ನೋಯಿಸಿದಾಗ ನನಗೆ 24 ವರ್ಷ. ಕಬ್ಬಿನ ಹಂಗಾಮು ನಡೆದಿತ್ತು, ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಔಷಧದಂಗಡಿಯಲ್ಲಿ ನೋವಿನ ಗುಳಿಗೆ ಒಂದು ಪಟ್ಟಿ ಕೊಟ್ಟರು. ಮೂರು ದಿನಕ್ಕೆ ನೋವು ಹೋಯಿತು, ನಾನು ವಾಸಿಯಾಯಿತೆಂದುಕೊಂಡೆ. ಐದು ತಿಂಗಳಿಗೆ ಮತ್ತೆ ಬಂತು, ಮತ್ತೆ ಗುಳಿಗೆ. ಹೀಗೆ 13 ವರ್ಷ. ಕೊನೆಗೊಂದು ರಾತ್ರಿ ಗಲ್ಲ ಊದಿ, ಬಾಯಿ ಎರಡು ಬೆರಳು ಹಿಡಿಸುವಷ್ಟೂ ತೆರೆಯದೆ, ಉಗುಳು ನುಂಗಲಾರದೆ ಕೂತಾಗ ಬೆಳಗಾಗುವುದನ್ನೇ ಕಾದು ದವಾಖಾನೆಗೆ ಓಡಿದೆ. ಎಕ್ಸ್‌ರೇ ನೋಡಿದ ವೈದ್ಯರು ಹೇಳಿದ ಮಾತು ಮರೆಯಲಾರೆ: ಮಲಗಿಕೊಂಡಿದ್ದ ಬುದ್ಧಿಹಲ್ಲು ಮುಂದಿನ ದವಡೆ ಹಲ್ಲಿಗೆ ಒತ್ತಿಕೊಂಡು, ಆ ಸಂದಿಯಲ್ಲಿ ವರ್ಷಗಟ್ಟಲೆ ಕೂಳು ಸಿಕ್ಕು, ಮುಂದಿನ ಹಲ್ಲು ಬೇರಿನ ತನಕ ಹುಳುಕಾಗಿತ್ತು. ಎರಡನ್ನೂ ತೆಗೆಯಬೇಕಾಯಿತು. ಬುದ್ಧಿಹಲ್ಲು ಹೋದದ್ದಕ್ಕೆ ನನಗೆ ಬೇಸರವಿಲ್ಲ. ಕಡಕ್ ರೊಟ್ಟಿ ಅಗಿಯುತ್ತಿದ್ದ ಆ ಗಟ್ಟಿ ಹಲ್ಲು ಹೋದದ್ದಕ್ಕೆ ಇದೆ.

ಹೆಸರಿನಿಂದಲೇ ಶುರು ಮಾಡೋಣ. ಕನ್ನಡದಲ್ಲಿ ಬುದ್ಧಿಹಲ್ಲು. ಮರಾಠಿ ಬೆರೆತ ನಮ್ಮ ಸೀಮೆಯಲ್ಲಿ ‘ಅಕ್ಕಲ್ ದಾಢ’ ಎಂದರೂ ತಿಳಿಯುತ್ತದೆ. ಅಕ್ಕಲ್ ಎಂಬುದು ಅರಬ್ಬಿ ಮಾತು, ಬುದ್ಧಿ ಎಂದೇ ಅರ್ಥ. ಅರಬ್ಬಿಯಲ್ಲೂ ಇದು ಬುದ್ಧಿಯ ಹಲ್ಲೇ, ಲ್ಯಾಟಿನ್ನಿನಲ್ಲೂ ವಿವೇಕದ ಹಲ್ಲೇ. ತುರ್ಕಿಯವರು ನೇರವಾಗಿ ಇಪ್ಪತ್ತು ವರ್ಷದ ಹಲ್ಲು ಎನ್ನುತ್ತಾರೆ. ಕೊರಿಯಾದವರಿಗೆ ಇದು ಪ್ರೇಮದ ಹಲ್ಲು. ಜಪಾನಿನವರ ಹೆಸರು ಮಾತ್ರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ: ಹೆತ್ತವರಿಗೆ ಗೊತ್ತಿಲ್ಲದ್ದು. ಹಾಲುಹಲ್ಲು ಬಂದದ್ದನ್ನು ತಾಯಿ ಬೆರಳಿಟ್ಟು ನೋಡುತ್ತಾಳೆ, ಬಿದ್ದದ್ದನ್ನು ಮಾಳಿಗೆಯ ಮೇಲೆ ಎಸೆಯುತ್ತಾಳೆ. ಈ ಹಲ್ಲು ಬರುವ ಹೊತ್ತಿಗೆ ಮಗ ಧಾರವಾಡದ ಹಾಸ್ಟೆಲಿನಲ್ಲಿರುತ್ತಾನೆ, ಮಗಳು ಗಂಡನ ಮನೆಯಲ್ಲಿರುತ್ತಾಳೆ. ಯಾರೂ ನೋಡುವುದಿಲ್ಲ.

17ರಿಂದ 25ರೊಳಗೆ ಸಾಮಾನ್ಯವಾಗಿ ಇದು ಹುಟ್ಟುತ್ತದೆ. ಮೇಲೆರಡು, ಕೆಳಗೆರಡು, ಒಟ್ಟು ನಾಲ್ಕು. ನಾಲ್ಕೂ ಬಂದರೆ ಬಾಯಲ್ಲಿ 32 ಹಲ್ಲು ಪೂರ್ತಿ. ಎಲ್ಲರಿಗೂ ಬರಲೇಬೇಕೆಂದಿಲ್ಲ. ಜಗತ್ತಿನ ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಹಾಕಿದ ಲೆಕ್ಕದ ಪ್ರಕಾರ ನೂರರಲ್ಲಿ ಸುಮಾರು 22 ಜನರಿಗೆ ಒಂದಾದರೂ ಬುದ್ಧಿಹಲ್ಲು ಹುಟ್ಟುವುದೇ ಇಲ್ಲ. ಮರುವರ್ಷದ ಅಂಥದೇ ಇನ್ನೊಂದು ಲೆಕ್ಕದಂತೆ ನೂರರಲ್ಲಿ ಸುಮಾರು 24 ಜನರಿಗೆ ಒಂದಾದರೂ ಹಲ್ಲು ದವಡೆಯೊಳಗೆ ಸಿಕ್ಕಿಕೊಂಡು ಪೂರ್ತಿ ಹೊರಬರುವುದಿಲ್ಲ. ನಾಲ್ಕು ಮಂದಿ ಕೂತ ಕಟ್ಟೆಯಲ್ಲಿ ಒಬ್ಬರಿಗೆ ಈ ತಾಪತ್ರಯ ಇದ್ದೀತೆಂದಾಯಿತು.

ಯಾಕೆ ಹೀಗೆ? ದವಡೆಯಲ್ಲಿ ಜಾಗ ಸಾಲದು. ಮುಧೋಳ ನಾಯಿಯ ಮುಖ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಉದ್ದನೆಯ ಮೂತಿ, ಉದ್ದನೆಯ ದವಡೆ, ಅದರಲ್ಲಿ 42 ಹಲ್ಲು ಸಾಲಾಗಿ ಕೂತಿರುತ್ತವೆ. ಮನುಷ್ಯನ ಮುಖ ಲಕ್ಷಾಂತರ ವರ್ಷಗಳಲ್ಲಿ ಹಿಂದಕ್ಕೆ ಸರಿದು ಮೊಟಕಾಯಿತು. ಅಡುಗೆ ಬೇಯಿಸಿ ಮೆತ್ತಗೆ ಮಾಡಿ ತಿನ್ನತೊಡಗಿದ ಮೇಲೆ ದವಡೆಯ ಕೆಲಸವೂ ಇಳಿಯಿತು. ಎಳೆಯ ವಯಸ್ಸಿನಲ್ಲಿ ಗಟ್ಟಿಯಾದದ್ದನ್ನು ಅಗಿದಷ್ಟೂ ದವಡೆ ಚೆನ್ನಾಗಿ ಬೆಳೆಯುತ್ತದೆ ಎಂಬುದಕ್ಕೆ ಪ್ರಾಣಿಗಳ ಮೇಲಿನ ಪ್ರಯೋಗಗಳೂ ಪುರಾತನ ತಲೆಬುರುಡೆಗಳೂ ಸಾಕ್ಷಿ. “ನಮ್ಮಜ್ಜ ಎಂಬತ್ತರಾಗೂ ಕಬ್ಬ ಸಿಗದು ತಿಂತಿದ್ದ, ಅವಂಗ್ಯಾಕ ಈ ಹಲ್ಲಿನ ಕಾಟ ಇರಲಿಲ್ರಿ?” ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಆದರೆ ಅಷ್ಟೇ ನಿಜವಲ್ಲ. ದವಡೆಯ ಅಳತೆ ತಂದೆ-ತಾಯಿಯಿಂದಲೂ ಬರುತ್ತದೆ. ಮತ್ತು ಇಪ್ಪತ್ತನೆಯ ವಯಸ್ಸಿನಲ್ಲಿ ಕಡಕ್ ರೊಟ್ಟಿ ಜಾಸ್ತಿ ತಿಂದರೆ ದವಡೆ ಇನ್ನು ಹಿಗ್ಗುವುದಿಲ್ಲ, ಆ ಕಾಲ ಹೋಯಿತು. ಚಿಕ್ಕ ಮಕ್ಕಳಿಗೆ ಬರೀ ಬ್ರೆಡ್ಡು ಬಿಸ್ಕತ್ತು ಕೊಡದೆ ರೊಟ್ಟಿ, ಕಬ್ಬು, ಹಸಿ ಗಜ್ಜರಿ ಕೊಡಿ ಎಂದು ಹೇಳಬಹುದು, ಹೇಳುತ್ತೇನೆ.

ಹೊಸ ಕಾಲದ ರೋಗ ಇದು ಎನ್ನುವವರಿಗೆ ಒಂದು ಮಾತು. ಸುಶ್ರುತ ಸಂಹಿತೆಯ ನಿದಾನಸ್ಥಾನದ 16ನೇ ಅಧ್ಯಾಯ ಬಾಯಿಯ ರೋಗಗಳದ್ದು. ಅದರಲ್ಲಿ ‘ಅಧಿಮಾಂಸಕ’ ಎಂಬ ಕಾಯಿಲೆ ಬರುತ್ತದೆ: ದವಡೆಯ ಕಟ್ಟಕಡೆಯ ಹಲ್ಲಿನ ಬಳಿ ದೊಡ್ಡ ಬಾವು, ತಡೆಯಲಾರದ ನೋವು, ಜೊಲ್ಲು ಸುರಿಯುವುದು. ನನ್ನ ಆ ರಾತ್ರಿಯ ಸ್ಥಿತಿಯನ್ನೇ ನೋಡಿ ಬರೆದಂತಿದೆ. ಇನ್ನೊಂದು ‘ವರ್ಧನ’, ಅಂದರೆ ಹೆಚ್ಚಿನ ಹಲ್ಲು ಮೂಡುವಾಗ ಬಲವಾದ ನೋವು, ಹಲ್ಲು ಪೂರ್ತಿ ಮೂಡಿದ ಮೇಲೆ ನೋವು ಶಮನ. ಅಧಿಮಾಂಸಕಕ್ಕೆ ಸುಶ್ರುತ ಹೇಳುವ ಚಿಕಿತ್ಸೆ ಆ ಬೆಳೆದ ಮಾಂಸವನ್ನು ಕತ್ತರಿಸಿ ತೆಗೆಯುವುದು. ಹಲ್ಲಿನ ಮೇಲೆ ಮುಚ್ಚಿದ ವಸಡಿನ ಪದರವನ್ನು ಇಂದಿನ ದಂತವೈದ್ಯರೂ ಕೆಲವು ಸಲ ಹಾಗೆಯೇ ಕತ್ತರಿಸಿ ಬಿಡಿಸುತ್ತಾರೆ. ಸುಮಾರು ಎರಡು ಸಾವಿರ ವರ್ಷಗಳಿಂದ ನಮ್ಮ ಜನ ಈ ನೋವನ್ನು ಬಲ್ಲರು.

ಆ ವಸಡಿನ ಪದರವೇ ಹೆಚ್ಚಿನವರ ತೊಂದರೆಯ ಮೂಲ. ಹಲ್ಲು ಅರ್ಧ ಹೊರಗೆ, ಅರ್ಧ ಒಳಗೆ. ಮೇಲೆ ವಸಡು ಮುಚ್ಚಳದಂತೆ ಕೂತಿರುತ್ತದೆ. ಅದರ ಕೆಳಗೆ ಅನ್ನದಗಳು, ಶೇಂಗಾ ಹಿಂಡಿ ಹೋಗಿ ಕೂರುತ್ತವೆ. ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ. ಕೊಳೆತು ಕೀವಾಗುತ್ತದೆ, ಬಾವು ಬರುತ್ತದೆ, ಊದಿದ ವಸಡಿನ ಮೇಲೆ ಮೇಲಿನ ಹಲ್ಲು ಕಚ್ಚಿ ಇನ್ನಷ್ಟು ಊದುತ್ತದೆ. ನಾಲ್ಕಾರು ದಿನದಲ್ಲಿ ದಾರಿ ಸಿಕ್ಕು ಕೀವು ಸೋರಿದರೆ ನೋವು ಇಳಿಯುತ್ತದೆ. ಇಳಿದದ್ದು ನೋವು ಮಾತ್ರ, ಹಲ್ಲು ಇದ್ದಲ್ಲೇ ಇದೆ, ಮುಚ್ಚಳವೂ ಇದ್ದಲ್ಲೇ ಇದೆ. ಇದನ್ನು ಯಾರಾದರೂ ನನಗೆ 24ನೇ ವಯಸ್ಸಿನಲ್ಲಿ ಕೂರಿಸಿ ಹೇಳಿದ್ದರೆ!

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದದ್ದು ಆ ಮುಚ್ಚಳದ ಕೆಳಗೆ ತೊಳೆಸುವುದು. ದಂತವೈದ್ಯರು ಉಪ್ಪುನೀರನ್ನು ಸಿರಿಂಜಿನಲ್ಲಿ ತುಂಬಿ ಒಳಗಿನ ಕಸವನ್ನೆಲ್ಲ ಹೊರಗೆ ಹಾಕುತ್ತಾರೆ, ಆ ಹತ್ತು ನಿಮಿಷದ ಕೆಲಸ ಎಷ್ಟೋ ಗುಳಿಗೆಗಿಂತ ಹೆಚ್ಚು. ಜ್ವರ ಇಲ್ಲದಿದ್ದರೆ, ಬಾವು ಹರಡದಿದ್ದರೆ ಆಂಟಿಬಯೋಟಿಕ್ ಬೇಕಾಗುವುದೂ ಇಲ್ಲ. ನಮ್ಮಲ್ಲಿ ಎಲ್ಲವೂ ತಿರುವುಮುರುವು. ಆಂಟಿಬಯೋಟಿಕ್ ಗುಳಿಗೆ ಎರಡು ದಿನಕ್ಕಾಗುವಷ್ಟು ಬಿಡಿಯಾಗಿ ಕೊಂಡು ನುಂಗುತ್ತೇವೆ, ತೊಳೆಸುವುದನ್ನು ಮಾತ್ರ ಮುಂದೂಡುತ್ತೇವೆ. ಲವಂಗದ ಎಣ್ಣೆಯನ್ನು ತೆಗಳಲಾರೆ, ಅದರಲ್ಲಿರುವ ಯೂಜಿನಾಲ್ ನಿಜವಾಗಿ ನೋವು ಇಳಿಸುತ್ತದೆ, ದಂತವೈದ್ಯರೂ ಔಷಧದಲ್ಲಿ ಬಳಸುತ್ತಾರೆ. ಒಂದು ರಾತ್ರಿ ಕಳೆಯಲು ಅದು ಸಾಕು. ಆದರೆ ತಂಬಾಕು ಸುಣ್ಣ ತಿಕ್ಕಿ ಅಲ್ಲಿಡುವುದು, ನೋವಿನ ಗುಳಿಗೆ ಪುಡಿ ಮಾಡಿ ವಸಡಿಗೆ ಒತ್ತುವುದು ಬೇಡವೇ ಬೇಡ. ಎರಡೂ ವಸಡನ್ನು ಸುಡುತ್ತವೆ.

ಹೆದರಿಸುವುದು ನನ್ನ ಉದ್ದೇಶವಲ್ಲ, ಆದರೂ ಒಂದನ್ನು ಗಟ್ಟಿಯಾಗಿ ಹೇಳಲೇಬೇಕು. ಕೆಳದವಡೆಯ ಹಿಂದಿನ ಹಲ್ಲುಗಳ ಬೇರು ನಾಲಿಗೆಯ ಕೆಳಗಿನ, ಕೊರಳಿನ ಕಡೆಯ ಸಡಿಲು ಜಾಗಕ್ಕೆ ಹತ್ತಿರ. ಕೀವು ಆ ಕಡೆ ಇಳಿದರೆ ಗದ್ದದ ಕೆಳಗೆ ಎರಡೂ ಬದಿ ಕಲ್ಲಿನಂತೆ ಬಿಗಿದು, ನಾಲಿಗೆ ಮೇಲಕ್ಕೆದ್ದು ಉಸಿರಿನ ದಾರಿಯನ್ನೇ ಮುಚ್ಚಬಹುದು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ಇದನ್ನು ಬರೆದಿಟ್ಟ, ಇಂದಿಗೂ ಅವನ ಹೆಸರಿನಲ್ಲೇ ಕರೆಯುತ್ತಾರೆ. ಜ್ವರ, ಗದ್ದದ ಕೆಳಗೆ ಬಾವು, ನುಂಗಲು ಆಗದಿರುವುದು, ಮಾತು ತೊದಲುವುದು, ಮಲಗಿದರೆ ಉಸಿರು ಕಟ್ಟುವುದು, ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ನನ್ನಂತೆ ಕಾಯಬೇಡಿ. ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಿ.

ಹಾಗಾದರೆ ಎಲ್ಲರೂ ಮುಂಚೆಯೇ ಕೀಳಿಸಿಬಿಡಬೇಕೇ? ಬೇಡ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಸಲಹೆ ಕೊಡುವ ನೈಸ್ ಸಂಸ್ಥೆ 2000ದ ಮಾರ್ಚಿನಲ್ಲಿ, ರೋಗವಿಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಗೆಂದು ಕೀಳಬಾರದು ಎಂದು ಹೇಳಿತು. ಅಮೆರಿಕದಲ್ಲಿ ಹದಿಹರೆಯದಲ್ಲೇ ನಾಲ್ಕನ್ನೂ ತೆಗೆಸುವುದು ಬಹಳ ಕಾಲದಿಂದ ರೂಢಿ. ಇಂಗ್ಲೆಂಡಿನವರ ಮಾತಿನಲ್ಲಿ ತೂಕವಿದೆ, ನಷ್ಟವೂ ಇತ್ತು. ತಡೆಹಿಡಿದ ಮೇಲೆ ಅಲ್ಲಿ ಕೀಳಿಸಿಕೊಳ್ಳುವವರ ವಯಸ್ಸು ಏರಿತು, ಮುಂದಿನ ಹಲ್ಲು ಹುಳುಕಾಗಿ ಬರುವವರು ಹೆಚ್ಚಿದರು. ಅದು ನನ್ನದೇ ಕಥೆ. ನನ್ನ ಅಭಿಪ್ರಾಯ ಇಷ್ಟು: ನೆಟ್ಟಗೆ ಬಂದು, ಮೇಲಿನ ಹಲ್ಲಿಗೆ ಜೊತೆಯಾಗಿ ಅಗಿಯುತ್ತಾ, ಬ್ರಷ್ಷಿಗೆ ಎಟುಕುವ ಹಲ್ಲು ಮುದುಕರಾಗುವ ತನಕ ಇರಲಿ. ಎರಡನೆಯ ಸಲ ಬಾವು ತಂದ ಹಲ್ಲು, ಮುಂದಿನ ಹಲ್ಲಿಗೆ ಅಡ್ಡ ಒತ್ತಿಕೊಂಡ ಹಲ್ಲು, ತುಂಬಿಸಲಾಗದಷ್ಟು ಹುಳುಕಾದ ಹಲ್ಲು, ಸುತ್ತ ನೀರುಗುಳ್ಳೆ ಕಟ್ಟಿದ ಹಲ್ಲು ಹೋಗಲಿ, ಬೇಗ ಹೋಗಲಿ. ಇವೆರಡರ ನಡುವಿನದನ್ನು ಬಿಟ್ಟರೂ ಮರೆಯಬಾರದು, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ತೋರಿಸುತ್ತಿರಬೇಕು. ಮುಂದಿನ ಹಲ್ಲುಗಳು ಸೊಟ್ಟಗಾಗುತ್ತವೆ ಎಂಬ ಒಂದೇ ಕಾರಣಕ್ಕೆ ಕೀಳಿಸಬೇಡಿ, ಆ ಅಪವಾದಕ್ಕೆ ಗಟ್ಟಿ ಆಧಾರವಿಲ್ಲ.

ಇದನ್ನೆಲ್ಲ ತೀರ್ಮಾನಿಸಲು ಬಾಯಿ ಕಳೆದು ಟಾರ್ಚ್ ಹಾಕಿ ನೋಡಿದರೆ ಸಾಲದು. ಎಕ್ಸ್‌ರೇ ಬೇಕು. ಬೆರಳಗಲದ ಚಿಕ್ಕ ಫಿಲ್ಮ್ ಒಂದು ಬಗೆ. ಇನ್ನೊಂದು ಓಪಿಜಿ, ಯಂತ್ರ ತಲೆಯ ಸುತ್ತ ಒಂದು ಸುತ್ತು ಹಾಕಿ ಎರಡೂ ದವಡೆಯನ್ನು ಉದ್ದಕ್ಕೆ ಬಿಡಿಸಿಟ್ಟ ಹಾಗೆ ಚಿತ್ರ ಕೊಡುತ್ತದೆ. ಅದರಲ್ಲಿ ಕೆಳದವಡೆಯ ಒಳಗೆ ಎರಡು ತೆಳು ಬಿಳಿಗೆರೆಗಳ ನಡುವೆ ಕಪ್ಪು ಕಾಲುವೆಯೊಂದು ಕಾಣುತ್ತದೆ. ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ಹರಿಯುವುದು ಅಲ್ಲೇ. ಹಲ್ಲಿನ ಬೇರು ಆ ಕಾಲುವೆಗೆ ಎಷ್ಟು ಹತ್ತಿರ ಎಂಬುದು ಎಲ್ಲಕ್ಕಿಂತ ಮುಖ್ಯ. “ಡಾಕ್ಟರ್ರ, ನರ ಎಲ್ಲೈತಿ ತೋರಸ್ರಿ” ಎಂದು ಕೇಳಿ. ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ, ಖುಷಿಯಿಂದ ಬೆರಳಿಟ್ಟು ತೋರಿಸುತ್ತಾರೆ.

ಈಗ ಆ ಅಜ್ಜಿಯ ಭಯ. ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಯೇ? ಇಲ್ಲ. ಮಿದುಳಿನಿಂದ ನೇರವಾಗಿ ಹೊರಡುವ ನರಗಳು ಹನ್ನೆರಡು ಜೊತೆ. ನೋಟ ಒಯ್ಯುವುದು ಎರಡನೆಯ ಜೊತೆ, ಹಲ್ಲಿನ ನೋವು ಒಯ್ಯುವುದು ಐದನೆಯದು. ಎರಡರ ದಾರಿ ಬೇರೆ, ಕೆಲಸ ಬೇರೆ. ಆದರೂ ಅಜ್ಜಿಯ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮೇಲಿನ ಹಲ್ಲು ಕೀವಾದಾಗ ಬಾವು ಕಣ್ಣಿನ ಕೆಳಗೆ ಬರುತ್ತದೆ, ಕಣ್ಣು ಮುಚ್ಚಿಹೋಗುವಷ್ಟು ಊದುವುದುಂಟು. ಅಂಥವರನ್ನು ಅಜ್ಜಿ ತನ್ನ ಕಾಲದಲ್ಲಿ ಕಂಡಿರಬಹುದು. ಕೀಳಿಸಿದ್ದಕ್ಕೆ ಊದಿತೋ, ಕೀಳಿಸದೆ ಬಿಟ್ಟದ್ದಕ್ಕೆ ಊದಿತೋ ಎಂದು ಯಾರೂ ಆಕೆಗೆ ಬಿಡಿಸಿ ಹೇಳಿರಲಿಕ್ಕಿಲ್ಲ. ಕಣ್ಣಿಗೆ ಅಪಾಯ ಇದ್ದರೆ ಅದು ಕೀವಿನಿಂದ.

ಇನ್ನೊಂದು ಭಯ ಸೂಜಿಯದು. 1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಹೋರೇಸ್ ವೆಲ್ಸ್ ಎಂಬ ದಂತವೈದ್ಯ ಒಂದು ಆಟ ನೋಡಲು ಹೋಗಿದ್ದ. ನೈಟ್ರಸ್ ಆಕ್ಸೈಡ್ ಅನಿಲ ಸೇದಿ ಕುಣಿಯುತ್ತಿದ್ದವನೊಬ್ಬ ಕಾಲಿಗೆ ಪೆಟ್ಟು ಮಾಡಿಕೊಂಡರೂ ಅವನಿಗೆ ಅದರ ಅರಿವೇ ಇರಲಿಲ್ಲ. ಮರುದಿನ ವೆಲ್ಸ್ ತಾನೇ ಆ ಅನಿಲ ಸೇದಿ, ಗೆಳೆಯ ರಿಗ್ಸ್ ಕೈಯಿಂದ ತನ್ನದೇ ದವಡೆ ಹಲ್ಲು ಕೀಳಿಸಿಕೊಂಡ. ಆಪರೇಷನ್ ಎಂದರೆ ಕೈಕಾಲು ಹಿಡಿದು ಕೊಯ್ಯುವುದು ಎಂದಿದ್ದ ಕಾಲ ಮುಗಿಯತೊಡಗಿದ್ದು ಅಂಥ ದಿನಗಳಲ್ಲಿ. ಇಂದು ದಂತವೈದ್ಯರು ಹೆಚ್ಚಾಗಿ ಬಳಸುವ ಲಿಗ್ನೊಕೇನ್ ಮದ್ದನ್ನು ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ. ಚುಚ್ಚುವಾಗ ಇರುವೆ ಕಚ್ಚಿದಂತೆ, ಆಮೇಲೆ ತುಟಿ ದಪ್ಪಗಾದಂತೆ, ಅರ್ಧ ನಾಲಿಗೆ ನಿಮ್ಮದಲ್ಲ ಎಂಬಂತೆ. ತುಟಿ ಪೂರ್ತಿ ಜೋಮು ಹಿಡಿಯುವ ತನಕ “ಆತು” ಎನ್ನಬೇಡಿ, ಇನ್ನೂ ನೋವಿದ್ದರೆ ಕೈ ಎತ್ತಿ, ಇನ್ನಷ್ಟು ಮದ್ದು ಹಾಕುತ್ತಾರೆ. ಜೋಮಾದ ಮೇಲೂ ಒತ್ತಡ ತಿಳಿಯುತ್ತದೆ, ಕಟಕಟ ಸದ್ದು ತಲೆಯೊಳಗೇ ಕೇಳುತ್ತದೆ. ಅದು ನೋವಲ್ಲ. ನಾನು ಇದನ್ನು ಮೊದಲೇ ತಿಳಿದಿದ್ದರಿಂದ ಎರಡನೆಯ ಸಲ ಕುರ್ಚಿಯ ಕೈ ಹಿಡಿಯದೆ ಕೂತೆ.

ಒಳಗೆ ಮಾಡುವುದೇನು? ಕಬ್ಬು ಬೆಳೆಯುವವರಿಗೆ ಸುಲಭವಾಗಿ ಹೇಳಬಹುದು. ನೆಟ್ಟಗಿರುವ ಹಲ್ಲು ಕೀಳುವುದು ಕಳೆ ಕಿತ್ತ ಹಾಗೆ, ಅಲ್ಲಾಡಿಸಿ ಎಳೆದರೆ ಬರುತ್ತದೆ. ಎಲುಬಿನಲ್ಲಿ ಹೂತ ಬುದ್ಧಿಹಲ್ಲು ಕಬ್ಬಿನ ಕೂಳೆಯಂಥದು. ಹಿಡಿದೆಳೆದರೆ ಬರದು, ಸುತ್ತ ಮಣ್ಣು ಬಿಡಿಸಬೇಕು. ವಸಡನ್ನು ಕೊಯ್ದು ಮಗುಚಿ, ನೀರು ಬಿಡುತ್ತಾ ಸಣ್ಣ ಯಂತ್ರದಿಂದ ಸ್ವಲ್ಪ ಎಲುಬು ತೆಗೆದು, ಹಲ್ಲನ್ನೇ ಎರಡು ಮೂರು ತುಂಡು ಮಾಡಿ ಒಂದೊಂದಾಗಿ ಎತ್ತುತ್ತಾರೆ. ತುಂಡು ಮಾಡುವುದೆಂದರೆ ವೈದ್ಯರಿಗೆ ಕೈ ಕೂಡಲಿಲ್ಲ ಎಂದಲ್ಲ. ಎಲುಬನ್ನು ಉಳಿಸಲೆಂದೇ ಹಾಗೆ ಮಾಡುವುದು. ಕೊನೆಗೆ ಎರಡು ಮೂರು ಹೊಲಿಗೆ, ಸಾಮಾನ್ಯವಾಗಿ ವಾರಕ್ಕೆ ಬಿಚ್ಚುತ್ತಾರೆ. ನನ್ನ ಎಡಗಡೆಯದಕ್ಕೆ ಒಂದು ತಾಸಿನ ಮೇಲೆ ಹಿಡಿಯಿತು, ಬಲಗಡೆಯದಕ್ಕೆ ಇಪ್ಪತ್ತೇ ನಿಮಿಷ. ವಯಸ್ಸಾದಷ್ಟೂ ಎಲುಬು ಗಡುಸು, ಬೇರು ಪೂರ್ತಿ ಬೆಳೆದು ಆಳ, ಗಾಯ ಮಾಯುವುದು ನಿಧಾನ. ತೆಗೆಸಲೇಬೇಕಾದದ್ದನ್ನು ಇಪ್ಪತ್ತರ ಹರೆಯದಲ್ಲಿ ತೆಗೆಸಿ ಎನ್ನುವುದು ಇದಕ್ಕೇ.

ಅಪಾಯವೇ ಇಲ್ಲ ಎನ್ನುವವರನ್ನು ನಂಬಬೇಡಿ. ಆ ಕಾಲುವೆಯ ನರಕ್ಕೆ ಪೆಟ್ಟಾದರೆ ಕೆಳತುಟಿ, ಗದ್ದ ಜೋಮು ಹಿಡಿದೇ ಉಳಿಯಬಹುದು. ಬಹುಪಾಲು ಜನರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಕಾಯಂ ಉಳಿಯುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ನಾಲಿಗೆಯ ನರವೂ ಪಕ್ಕದಲ್ಲೇ ಇದೆ. ಬೇರು ನರಕ್ಕೆ ಅಂಟಿಕೊಂಡಂತೆ ಕಂಡರೆ ಇನ್ನೂ ಸ್ಪಷ್ಟವಾದ ಸ್ಕ್ಯಾನ್ ಮಾಡಿಸುತ್ತಾರೆ, ಕೆಲವರಿಗೆ ಹಲ್ಲಿನ ತಲೆಯಷ್ಟನ್ನೇ ಕತ್ತರಿಸಿ ಬೇರನ್ನು ಅಲ್ಲೇ ಬಿಡುವ ದಾರಿಯೂ ಇದೆ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗುವ ಗುಳಿಗೆ, ಹೃದಯದ ಕವಾಟದ ತೊಂದರೆ ಇದ್ದವರು ಮೊದಲೇ ಹೇಳಬೇಕು. ರಕ್ತ ತೆಳುವಿನ ಗುಳಿಗೆಯನ್ನು ಹಲ್ಲು ಕೀಳಿಸುತ್ತೇನೆಂದು ತಾವೇ ನಿಲ್ಲಿಸುವುದು ಹೃದಯಕ್ಕೆ ಅಪಾಯ. ನಿಲ್ಲಿಸಬೇಕೋ ಬೇಡವೋ ವೈದ್ಯರು ಹೇಳಲಿ.

ಕೀಳಿಸಿದ ಮೇಲಿನ ಮೂರು ದಿನವೇ ನಮ್ಮವರು ಎಡವುವ ಜಾಗ. ಹಲ್ಲಿದ್ದ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು. ಆ ಹೆಪ್ಪೇ ಎಲುಬಿಗೆ ಹೊದಿಕೆ, ಅದರ ಮೇಲೇ ಹೊಸ ಮಾಂಸ ಬೆಳೆಯುವುದು. ವೈದ್ಯರು ಇಟ್ಟ ಹತ್ತಿಯ ಉಂಡೆಯನ್ನು ಅರ್ಧ ಮುಕ್ಕಾಲು ತಾಸು ಗಟ್ಟಿ ಕಚ್ಚಿ ಹಿಡಿಯಬೇಕು. ಉಗುಳಬಾರದು. ಇದು ನಮ್ಮ ಕಡೆ ಬಲು ಕಷ್ಟ. ಬಾಯಲ್ಲಿ ಕೆಂಪು ಕಂಡಕೂಡಲೇ ಉಗುಳಿ ಉಗುಳಿ ಹೆಪ್ಪನ್ನೇ ಕಿತ್ತು ಹಾಕುತ್ತೇವೆ. ಮೊದಲ ದಿನ ಜೊಲ್ಲು ನಸುಗೆಂಪಾಗಿರುವುದು ಸಹಜ, ನುಂಗಿಬಿಡಿ. ಎಳನೀರನ್ನು ನಳಿಕೆಯಿಂದ ಹೀರಬೇಡಿ, ಲೋಟಕ್ಕೆ ಹಾಕಿ ಕುಡಿಯಿರಿ. ಬೀಡಿ, ಸಿಗರೇಟು, ಗುಟ್ಕಾ, ತಂಬಾಕು ಕನಿಷ್ಠ ಮೂರು ದಿನ ಬೇಡ, ವಾರವಾದರೆ ಇನ್ನೂ ಒಳ್ಳೆಯದು. ಹೆಪ್ಪು ಕಳಚಿದರೆ ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ಕಿವಿಯ ತನಕ ಎಳೆಯುವ ನೋವು, ಬಾಯಲ್ಲಿ ದುರ್ವಾಸನೆ. ಎಲುಬು ಬರಿದಾಗಿರುತ್ತದೆ. ವೈದ್ಯರ ಬಳಿ ಮತ್ತೆ ಹೋದರೆ ತೊಳೆದು ಮದ್ದು ತುಂಬುತ್ತಾರೆ, ಅಂದೇ ತಂಪೆನಿಸುತ್ತದೆ. ಬಾವು ಎರಡು ಮೂರನೆಯ ದಿನಕ್ಕೆ ಏರಿ ಆಮೇಲೆ ಇಳಿಯಬೇಕು. ಇಳಿದ ನೋವು ಮತ್ತೆ ಏರಿದರೆ ತೋರಿಸಿ. ಮೊದಲ ದಿನ ಗಲ್ಲದ ಹೊರಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಮರುದಿನದಿಂದ ಊಟವಾದ ಮೇಲೆ ಬೆಚ್ಚನೆಯ ಉಪ್ಪುನೀರು ಬಾಯಲ್ಲಿ ಹಿಡಿದು ಮೆಲ್ಲಗೆ ಬಿಡುವುದು.

ಊಟದ ಚಿಂತೆ ಬೇಡ, ನಮ್ಮ ಅಡುಗೆಮನೆಯೇ ಇದಕ್ಕೆ ಸರಿಯಾಗಿದೆ. ಆರಿದ ಜೋಳದ ಅಂಬಲಿ, ನುಚ್ಚಿಗೆ ಮಜ್ಜಿಗೆ, ಮೆತ್ತಗೆ ಬೇಯಿಸಿದ ಸಜ್ಜಕ. ನಾನು ಐದು ದಿನ ಇದರಲ್ಲೇ ಕಳೆದೆ, ಸೊರಗಲಿಲ್ಲ. ಬಿಸಿ ಬಿಸಿ ಚಹಾ ಮೊದಲ ದಿನ ಬೇಡ. ಚುರುಮುರಿಯನ್ನು ಮಾತ್ರ ಎರಡು ವಾರ ದೂರ ಇಡಿ, ಆ ಕಾಳಿನ ಸಿಪ್ಪೆ ಗುಂಡಿಗೆ ಹೋಗಿ ಕೂತರೆ ಬಹಳ ಕಾಡುತ್ತದೆ.

ಗುಟ್ಕಾದ ಮಾತು ಬಂದಿತಲ್ಲ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಡಿಕೆ ಪುಡಿ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಂಡು ಅಂಗೈಯಲ್ಲೇ ಬೆರೆಸುವುದು ನಿಂತಿಲ್ಲ. ಅಡಿಕೆ ಅಗಿದು ಅಗಿದು ಗಲ್ಲದ ಒಳಚರ್ಮ ನಾರುಗಟ್ಟಿ ಬಾಯಿ ತೆರೆಯುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಎಷ್ಟೋ ಹುಡುಗರು ಇದನ್ನು ಬುದ್ಧಿಹಲ್ಲಿನ ಬಾವೆಂದೇ ತಿಳಿದು ಗುಳಿಗೆ ನುಂಗುತ್ತಾರೆ. ಬುದ್ಧಿಹಲ್ಲಿನ ಬಾವು ವಾರದಲ್ಲಿ ಬಿಡುತ್ತದೆ. ಖಾರ ತಾಗಿದರೆ ಉರಿ, ಒಳಗಲ್ಲ ಬಿಳುಚಿಕೊಂಡು ಬಿಗಿ, ಮೂರು ಬೆರಳು ನಿಲ್ಲಿಸಿ ಇಡಲಾಗದ ಬಾಯಿ ಇದ್ದರೆ ಅದು ಬೇರೆಯೇ ರೋಗ, ಮುಂದೆ ಕ್ಯಾನ್ಸರಿಗೆ ತಿರುಗಬಲ್ಲದ್ದು. ಹಲ್ಲಿಗೆಂದು ಹೋದಾಗ ಇದನ್ನೂ ತೋರಿಸಿ, ದಯವಿಟ್ಟು.

ಹೆಣ್ಣುಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಈ ಹಲ್ಲು ಹುಟ್ಟುವ ವಯಸ್ಸೂ ಮದುವೆ, ಬಸಿರಿನ ವಯಸ್ಸೂ ನಮ್ಮಲ್ಲಿ ಒಂದೇ. ಬಸಿರಿನಲ್ಲಿ ವಸಡು ಬೇಗ ಊದಿಕೊಳ್ಳುತ್ತದೆ, ಅರ್ಧ ಮೂಡಿದ ಹಲ್ಲು ಆಗ ಹೆಚ್ಚು ಕಾಡುತ್ತದೆ. ಹೊಸ ಮನೆಯಲ್ಲಿ ಹಲ್ಲುನೋವೆಂದು ಬಾಯಿಬಿಡಲು ಆಕೆಗೆ ಸಂಕೋಚ. ಮಗುವಿಗೆ ಏನಾದೀತೋ ಎಂದು ಮನೆಯವರೂ ಹಿಂಜರಿಯುತ್ತಾರೆ. ನಾಲ್ಕರಿಂದ ಆರನೆಯ ತಿಂಗಳ ನಡುವೆ ಬೇಕಾದ ಹಲ್ಲಿನ ಚಿಕಿತ್ಸೆ ಮಾಡಬಹುದು, ಬೇಕಾದರೆ ಸೂಜಿಯನ್ನೂ ಕೊಡಬಹುದು. ಕೀವನ್ನು ಮುಚ್ಚಿಟ್ಟುಕೊಂಡಿರುವುದೇ ತಾಯಿಗೂ ಮಗುವಿಗೂ ಕೆಟ್ಟದ್ದು. ಮದುವೆಯ ಬಟ್ಟೆ ತರುವ ಮೊದಲು ಮಗಳ ಹಲ್ಲನ್ನೊಮ್ಮೆ ತೋರಿಸಿಬಿಡಿ.

ಎಲ್ಲಿಗೆ ಹೋಗಬೇಕು ಎಂದೂ ಕೇಳುತ್ತಾರೆ. ಹೂತ ಹಲ್ಲಾದರೆ ಬಾಯಿ-ದವಡೆ ಶಸ್ತ್ರಚಿಕಿತ್ಸೆ ಓದಿದ ತಜ್ಞರು ಬೇಕು. ನಮ್ಮ ಊರುಗಳ ಎಷ್ಟೋ ದವಾಖಾನೆಗಳಿಗೆ ಅವರು ಗೊತ್ತಾದ ದಿನ ಬಂದು ಹೋಗುತ್ತಾರೆ, ಕೇಳಿ ದಿನ ಗುರುತುಮಾಡಿಕೊಳ್ಳಿ. ಖರ್ಚಿನ ಚಿಂತೆ ಇದ್ದವರಿಗೆ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಪಿ. ಎಂ. ನಾಡಗೌಡ ದಂತ ಕಾಲೇಜಿದೆ, ವಿಜಯಪುರದಲ್ಲಿ ಅಲ್ ಅಮೀನ್ ದಂತ ಕಾಲೇಜಿದೆ. ಕಾಲೇಜೆಂದರೆ ಕಲಿಯುವ ಹುಡುಗರು ಕೈಹಾಕುತ್ತಾರೆ ಎಂದು ಹಿಂಜರಿಯುವವರಿದ್ದಾರೆ. ಅಲ್ಲಿ ಪಕ್ಕದಲ್ಲಿ ಹಿರಿಯರು ನಿಂತಿರುತ್ತಾರೆ, ಒಬ್ಬರಿಗೆ ತಿಳಿಯದ್ದನ್ನು ಕೇಳಲು ಇನ್ನೊಬ್ಬರು ಇರುತ್ತಾರೆ. ನನ್ನ ಎರಡನೆಯ ಹಲ್ಲಿಗೆ ನಾನು ಮುಧೋಳ, ಲೋಕಾಪುರ ದಾಟಿ ಬಾಗಲಕೋಟೆಗೇ ಹೋಗಿ ಬಂದೆ. ಒಂದು ದಿನದ ಕೆಲಸ ಕೆಟ್ಟಿತು, ಅಷ್ಟೇ.

ಹೋದ ತಿಂಗಳು ಮಗಳು ಧಾರವಾಡದಿಂದ ರಜೆಗೆ ಬಂದಾಗ ಅವಳದೂ ಒಂದು ಓಪಿಜಿ ತೆಗೆಸಿದೆ. ಅವಳಿಗೆ ಇಪ್ಪತ್ತು. ಬಲಗಡೆ ಕೆಳಗಿನ ಬುದ್ಧಿಹಲ್ಲು ಹುಟ್ಟಿಯೇ ಇಲ್ಲ. ಉಳಿದ ಮೂರು ನೆಟ್ಟಗಿವೆ, ಜಾಗವೂ ಇದೆ. ಮುಟ್ಟುವುದು ಬೇಡ, ಮುಂದಿನ ದೀಪಾವಳಿಗೆ ಬಂದಾಗ ಮತ್ತೊಮ್ಮೆ ನೋಡೋಣ ಎಂದಿದ್ದಾರೆ. ಬನಹಟ್ಟಿಯ ಆ ನೇಕಾರರಿಗೂ ಚಿತ್ರ ತೆಗೆಸಿ ಕಳಿಸಲು ಹೇಳಿದ್ದೆ. ನಿನ್ನೆ ಮೊಬೈಲಿಗೆ ಬಂತು. ಹಲ್ಲು ಪೂರ್ತಿ ಅಡ್ಡ ಮಲಗಿದೆ, ಮುಂದಿನದಕ್ಕೆ ತಲೆ ಹಚ್ಚಿದೆ. ಅವರ ವೈದ್ಯರು ಹೇಳಿದ್ದು ನನಗೂ ಸರಿ ಎನಿಸಿತು, ಹಾಗೆಂದೇ ಹೇಳಿದೆ. ಬರುವ ಬುಧವಾರ ಮಗ್ಗ ನಿ‌ಲ್ಲಿಸಿ ಹೊರಡುತ್ತಾರಂತೆ. ಕಣ್ಣಿನ ವಿಷಯ ಬಿಡಿಸಿ ಹೇಳಿದ ಮೇಲೆ ಅಜ್ಜಿ ಸುಮ್ಮನಾಗಿದ್ದಾಳೆ. ಮೊಮ್ಮಗನ ಜೊತೆ ತಾನೂ ಬರುತ್ತೇನೆಂದು, ಅಂಬಲಿಗೆ ಡಬ್ಬಿ ತೆಗೆದಿಟ್ಟಿದ್ದಾಳೆ.